ಹಳೆಯ ಗಾಡಿಯೂ ಹೊಸ ಬಿಡಿಭಾಗವೂ

ಮಿಲಿಂದ ಅರಸನು ರಥವೇರಿ ಬಂದೆನೆಂದಾಗ ನಾಗಸೇನ ಭಿಕ್ಷುವು ಅಚ್ಚು ರಥವೆ, ಗಾಲಿ ರಥವೆ, ನೊಗ ರಥವೆ ಎಂದು ಒಂದೊಂದನ್ನೇ ಹಿಡಿದು ಕೇಳಿದನು. ಅರಸನು ಎಲ್ಲಕ್ಕೂ ಅಲ್ಲವೆಂದು, ಕೊನೆಗೆ ಅವೆಲ್ಲವುಗಳ ಕೂಟಕ್ಕೆ ರಥವೆಂದು ಹೆಸರೆಂದನು. ಅದೇ ಪ್ರಶ್ನೆ 1990ರಲ್ಲಿ ಲಂಡನ್ನಿನ ಉಚ್ಚ ನ್ಯಾಯಾಲಯದ ಮುಂದೆ ಬಂದಿತು.

‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿ ಕಾರು 1929ರಲ್ಲಿಯೂ 1930ರಲ್ಲಿಯೂ ಫ್ರಾನ್ಸಿನ ಲೆ ಮಾನ್ಸ್ ಪಂದ್ಯವನ್ನು ಗೆದ್ದಿತ್ತು. ಬಳಿಕ ಅದಕ್ಕೆ ಬೇರೆ ಎಂಜಿನು ಬಂದಿತು; 1932ರಲ್ಲಿ ಬ್ರೂಕ್‌ಲ್ಯಾಂಡ್ಸಿನಲ್ಲಿ ಅಪಘಾತಕ್ಕೀಡಾಗಿ ಚಾಲಕನು ಸತ್ತನು; ಮೈಕಟ್ಟೂ ಬದಲಾಯಿತು. ಒಂದು ಕೋಟಿ ಪೌಂಡಿಗೆ ಕೊಳ್ಳಲೊಪ್ಪಿದ್ದವರು, ಇದು ಆ ಕಾರೇ ಅಲ್ಲವೆಂದು ಹಿಂತೆಗೆದರು. ಹಳೆಯ ಭಾಗಗಳು ಅತ್ಯಲ್ಪವೆಂಬುದನ್ನು ನ್ಯಾಯಮೂರ್ತಿ ಆಟ್ಟನ್ ಒಪ್ಪಿದರು. ಆದರೆ ಕಾರು ಎಂದೂ ಇಲ್ಲವಾಗಿರಲಿಲ್ಲ, ಅದರ ಚರಿತ್ರೆ ಎಲ್ಲಿಯೂ ಕಡಿದಿರಲಿಲ್ಲ. ಆದುದರಿಂದ ಅದೇ ಇದು ಎಂದು ತೀರ್ಪಿತ್ತರು.

ಆದರೆ ಕೊಟ್ಟಿಗೆಯಲ್ಲಿ ತುಕ್ಕು ಹಿಡಿದು ಬಿದ್ದ ಗಾಡಿಯನ್ನು ಎಬ್ಬಿಸಹೊರಟವನಿಗೆ ಈ ತೀರ್ಪು ಎಷ್ಟು ನೆರವಾದೀತು? ಅವನ ಕೈಯಲ್ಲಿರುವುದು ದುರಸ್ತಿಯ ಕೈಪಿಡಿ ಮಾತ್ರ. ಸಂದು ಇಂಚಿನ ಸಾವಿರದಲ್ಲಿ ಎಷ್ಟು ಪಾಲಿರಬೇಕೆಂಬುದನ್ನು ಅದು ಹೇಳುತ್ತದೆ. ಸವೆದ ಭಾಗವನ್ನು ಬದಲಿಸೆಂದೂ ಹೇಳುತ್ತದೆ. ಎಲ್ಲಿಂದ ತರುವುದು? ಹಳೆಯ ಬೆಂಟ್ಲಿ ಕಂಪನಿಯೇ 1931ರಲ್ಲಿ ರೋಲ್ಸ್ ರಾಯ್ಸ್ ಪಾಲಾಯಿತು. ಗುಜರಿಯಲ್ಲಿ ಸಿಕ್ಕರೆ ಭಾಗ್ಯ. ಇಲ್ಲವಾದರೆ ಎರಕ ಹೊಯ್ಯಿಸಬೇಕು. ಅಲ್ಯೂಮಿನಿಯಂ ತಣಿಯುವಾಗ ನೂರಕ್ಕೆ ಒಂದಕ್ಕಿಂತ ತುಸು ಹೆಚ್ಚಾಗಿ ಕುಗ್ಗುವುದರಿಂದ ಮರದ ಪಡಿಯಚ್ಚನ್ನು ಅಷ್ಟು ದೊಡ್ಡದಾಗಿ ಕೊರೆಯಬೇಕೆಂಬುದು ಬಡಗಿಯ ಅರಿವು. ಕೈಪಿಡಿಗೆ ಅದು ಸೇರಿದ ವಿಷಯವಲ್ಲ.

ಹೀಗೆ ಹೊಸತನ್ನು ಮಾಡಿಸುವುದು ತಪ್ಪೆಂದು ನನಗೆ ತೋರುವುದಿಲ್ಲ. ದೇವರ ತೇರಿಗೆ ಹೊಸ ಗಾಲಿ ಹಾಕಿದರೆ ಯಾರೂ ಸುಳ್ಳು ತೇರೆನ್ನುವುದಿಲ್ಲ. ಊರೆಲ್ಲ ನಿಂತು ನೋಡಿರುತ್ತದೆ. ತಪ್ಪು ಹುಟ್ಟುವುದು ಹೊಸ ಎರಕದ ಮೇಲೆ ಹಳೆಯ ಸಂಖ್ಯೆಯನ್ನು ಕೆತ್ತಿದ ಗಳಿಗೆಯಲ್ಲಿ. ಹಳೆಯ ಕಟ್ಟಡಗಳಿಗಾಗಿ 1964ರಲ್ಲಿ ಹೊರಟ ವೆನಿಸ್ ಸನ್ನದು, ಸೇರಿಸಿದ ಭಾಗವು ಇಡಿಯೊಡನೆ ಹೊಂದಬೇಕು, ಆದರೂ ಮೂಲದಿಂದ ಬೇರೆಯೆಂದು ಗುರುತಾಗಬೇಕು ಎನ್ನುತ್ತದೆ. ಕಾರಿಗೂ ಇದೇ ಸಲ್ಲತಕ್ಕುದು.

ಗುರುತು ಕಂಡರೆ ಬೆಲೆ ಇಳಿಯುವುದಲ್ಲ ಎನ್ನುವರು. ಇಳಿಯಬಹುದು. ಆದರೆ ಅದನ್ನು ಹೊರಮೈಯಲ್ಲೇ ಹೊಡೆಯಬೇಕೆಂದೇನಿಲ್ಲ. ಒಳಬದಿಯಲ್ಲಿದ್ದರೂ ಮುಂದೆ ಬಿಚ್ಚುವವನಿಗೆ ಕಾಣುತ್ತದೆ. ಕೈಪಿಡಿಯಲ್ಲಿ ಆ ಭಾಗದ ಚಿತ್ರವಿರುವ ಪುಟಕ್ಕೆ ಅಂಚು ಇದ್ದೇ ಇದೆ. ಎರಕ ಹೊಯ್ದ ವರುಷ, ಬಳಸಿದ ಲೋಹ, ಪಡಿಯಚ್ಚಿನ ಅಳತೆ, ಇಷ್ಟನ್ನು ಬರೆಯಲು ಅದು ಸಾಕು.