ಹಬ್ಬವಿಲ್ಲದ ವರ್ಷ ಕೊಟ್ಟಿಗೆಯ ಎತ್ತಿಗೂ ಸೂತಕವೇ?

ಪ್ರಶ್ನೆ: ನಮ್ಮದು ಯಳಂದೂರು ಹತ್ತಿರದ ಹಳ್ಳಿ. ನಾನು ಸಂಸಾರ ಸಮೇತ ಬೆಂಗಳೂರಿನಲ್ಲಿದ್ದೇನೆ. ಕಳೆದ ಆಷಾಢದಲ್ಲಿ ಅಪ್ಪ ತೀರಿಕೊಂಡರು. ಪ್ರತಿ ಸಂಕ್ರಾಂತಿಗೆ ಅವರೇ ದನಗಳ ಮೈ ತೊಳೆದು, ಸಿಂಗರಿಸಿ, ಸಂಜೆ ಕಿಚ್ಚು ಹಾಯಿಸುತ್ತಿದ್ದರು. ವರ್ಷ ತುಂಬುವ ತನಕ ಹಬ್ಬವಿಲ್ಲ, ದನಗಳಿಗೂ ಏನೂ ಮಾಡಕೂಡದು ಎಂದು ದೊಡ್ಡಪ್ಪ ಹೇಳುತ್ತಾರೆ. ಅಪ್ಪ ಸಾಕಿದ ಮುದಿ ಎತ್ತು ಈಚೆಗೆ ಸರಿಯಾಗಿ ಮೇವು ತಿನ್ನುತ್ತಿಲ್ಲ. ಅದನ್ನು ಮಾರಿ, ಬಂದ ಹಣಕ್ಕೆ ಇನ್ನಷ್ಟು ಸೇರಿಸಿ ವರ್ಷದ ತಿಥಿಗೆ ಗೋದಾನ ಮಾಡೋಣ ಎನ್ನುತ್ತಾನೆ ಊರಲ್ಲಿರುವ ತಮ್ಮ. ಅವ್ವ ಏನೂ ಹೇಳುತ್ತಿಲ್ಲ. ಶಾಸ್ತ್ರ ಏನು ಹೇಳುತ್ತದೆ?
– ಹೆಸರು ಬೇಡವೆಂದ ಓದುಗರು, ಬೆಂಗಳೂರು

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳಿವೆ. ಹಬ್ಬದ್ದು, ಎತ್ತಿನದು, ಗೋದಾನದ್ದು. ಒಂದೊಂದಾಗಿ ನೋಡೋಣ.

ತಂದೆ ಹೋದ ವರ್ಷ ಹಬ್ಬ ಮಾಡದಿರುವುದು ನಮ್ಮಲ್ಲಿ ಬಹಳ ಮನೆಗಳ ಸಂಪ್ರದಾಯ. ದೊಡ್ಡಪ್ಪನವರ ಮಾತನ್ನು ತಳ್ಳಿಹಾಕಬೇಡಿ. ಆದರೆ ಬಿಡಬೇಕಾದದ್ದು ಸಂಭ್ರಮವನ್ನು, ಕರ್ತವ್ಯವನ್ನಲ್ಲ. ಬಾಗಿಲಿಗೆ ತೋರಣ, ಹೊಸ ಬಟ್ಟೆ, ಎಳ್ಳು ಬೀರುವುದು, ಕೊಂಬಿಗೆ ಬಣ್ಣ, ಕಿಚ್ಚು, ಇವು ಸಂಭ್ರಮ. ಈ ವರ್ಷ ಬೇಡ. ಮೈ ತೊಳೆಯುವುದು, ಉಣ್ಣೆ ಕೀಳುವುದು, ಗೊರಸು ನೋಡುವುದು, ಹೊಟ್ಟೆ ತುಂಬ ಮೇವು ಹಾಕುವುದು ಸಂಭ್ರಮವಲ್ಲ. ಗೃಹಸ್ಥನ ಪಂಚಮಹಾಯಜ್ಞಗಳಲ್ಲಿ ಒಂದಾದ ಭೂತಯಜ್ಞ ಅದು. ನಮ್ಮನ್ನು ನಂಬಿದ ಪ್ರಾಣಿಗಳಿಗೆ ಕೊಟ್ಟು ಆಮೇಲೆ ನಾವು ಉಣ್ಣಬೇಕು ಅನ್ನುವುದೇ ಅದರ ತಿರುಳು. ಅಪ್ಪ ತೀರಿಕೊಂಡ ದಿನವೂ ನಿಮ್ಮ ಮನೆಯಲ್ಲಿ ಯಾರೋ ಒಬ್ಬರು ಕೊಟ್ಟಿಗೆಗೆ ಹೋಗಿ ಹುಲ್ಲು ಹಾಕಿಯೇ ಇರುತ್ತಾರೆ, ಅಲ್ವೇ? ಸೂತಕ ಮನುಷ್ಯರಿಗೆ. ಹಸಿವಿಗೆ ಸೂತಕವಿಲ್ಲ.

ಮಹಾಭಾರತದ ದ್ರೋಣಪರ್ವವನ್ನು ನೆನಪಿಸಿಕೊಳ್ಳಿ. ಯುದ್ಧದ ಹದಿಮೂರನೆಯ ದಿನ ಅಭಿಮನ್ಯು ಸತ್ತ. ಮರುದಿನ ಸೂರ್ಯ ಮುಳುಗುವುದರೊಳಗೆ ಜಯದ್ರಥನನ್ನು ಕೊಲ್ಲುತ್ತೇನೆಂದು ಅರ್ಜುನ ಪ್ರತಿಜ್ಞೆ ಮಾಡಿದ. ಮಗ ಸತ್ತು ಒಂದು ದಿನವೂ ಆಗಿಲ್ಲ, ಹೊತ್ತು ಜಾರುತ್ತಿದೆ, ಸುತ್ತ ಶತ್ರುಗಳು. ಅಂಥ ಹೊತ್ತಿನಲ್ಲಿ ಕುದುರೆಗಳು ಬಾಣದ ಗಾಯಗಳಿಂದ ಬಳಲಿದವು. ಅರ್ಜುನ ರಥದಿಂದಿಳಿದು ನೆಲದ ಮೇಲೆ ನಿಂತು ಶತ್ರುಗಳನ್ನು ತಡೆದ, ಬಾಣ ಬಿಟ್ಟು ನೀರಿನ ಕೊಳವನ್ನೇ ತರಿಸಿದ. ಶ್ರೀಕೃಷ್ಣ ಕುದುರೆಗಳನ್ನು ನೊಗದಿಂದ ಬಿಚ್ಚಿ, ಮೈಗೆ ನೆಟ್ಟ ಬಾಣಗಳನ್ನು ಕಿತ್ತು, ಮೈ ತಿಕ್ಕಿ ತೊಳೆದು, ನೀರು ಕುಡಿಸಿ, ಮೇವು ತಿನ್ನಿಸಿ ಮತ್ತೆ ಕಟ್ಟಿದ. ಪುತ್ರಶೋಕವಾಗಲಿ ಪ್ರತಿಜ್ಞೆಯಾಗಲಿ ಆ ಸೇವೆಗೆ ಅಡ್ಡ ಬರಲಿಲ್ಲ. ಭಗವಂತನೇ ಕುದುರೆಯ ಮೈ ತಿಕ್ಕಿರುವಾಗ, ತಂದೆಯ ಎತ್ತಿನ ಮೈ ತೊಳೆಯಲು ನಾವು ಯಾರ ಅಪ್ಪಣೆ ಕೇಳಬೇಕು?

ಹಾಗಾಗಿ ಸಂಕ್ರಾಂತಿಯ ಬೆಳಿಗ್ಗೆ ದನಗಳಿಗೆ ಸ್ನಾನ ಮಾಡಿಸಿ, ಹಣೆಗೆ ಒಂದಿಷ್ಟು ಅರಿಶಿನ ಕುಂಕುಮವಿಟ್ಟು ಕೈ ಮುಗಿಯಿರಿ. ಅಷ್ಟು ಸಾಕು. ಮುಂದಿನ ವರ್ಷವೂ ಮುದಿ ಎತ್ತನ್ನು, ಗಬ್ಬದ ಹಸುವನ್ನು, ಎಳೆಗರುವನ್ನು ಬೆಂಕಿಯ ಮೇಲೆ ಓಡಿಸಬೇಡಿ. ದೂರದಿಂದ ಒಂದು ಆರತಿ ಎತ್ತಿದರೆ ಅವುಗಳ ಪಾಲಿನ ಕಿಚ್ಚು ಸಂದಂತೆಯೇ.

ಇನ್ನು ಎತ್ತಿನ ಮಾತು. ಅದು ಅಪ್ಪನ ಕೊರಗಿನಲ್ಲಿ ಮೇವು ಬಿಟ್ಟಿದೆ ಎಂದು ನಿಮಗೆ ಅನ್ನಿಸಿರಬಹುದು. ಇದ್ದರೂ ಇರಬಹುದು. ಆದರೆ ಮೊದಲು ಅದರ ಬಾಯಿ ನೋಡಿಸಿ. ವಯಸ್ಸಾದ ದನಗಳಿಗೆ ಹಲ್ಲು ಸವೆದು ಒಣಹುಲ್ಲು ಅಗಿಯಲು ಆಗುವುದಿಲ್ಲ. ಬಾಯಿಹುಣ್ಣು, ಜಂತು, ಜ್ವರವೂ ಇರಬಹುದು. ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ, ಇಲ್ಲವೇ 1962ಕ್ಕೆ ಫೋನ್ ಮಾಡಿ. ಹಲ್ಲಿನದೇ ತೊಂದರೆಯಾದರೆ ಹುಲ್ಲನ್ನು ಸಣ್ಣಗೆ ಕತ್ತರಿಸಿ, ಮೆತ್ತನೆಯ ಹಸಿ ಮೇವು, ನೆನೆಸಿದ ಬೂಸಾ ಹಿಂಡಿ ಕೊಡಿ. ತಿನ್ನುತ್ತಿಲ್ಲವಲ್ಲ ಎಂದು ಅನ್ನ, ಪೊಂಗಲು, ಪಾಯಸ ಸುರಿಯಬೇಡಿ. ಮೆಲುಕು ಹಾಕುವ ಪ್ರಾಣಿಗೆ ಅನ್ನ ಹೆಚ್ಚಾದರೆ ಹೊಟ್ಟೆಯಲ್ಲಿ ಹುಳಿಯಾಗಿ ಜೀವಕ್ಕೇ ಕುತ್ತು ಬರುತ್ತದೆ.

ಕೊನೆಗೆ ಗೋದಾನ. ಕಠೋಪನಿಷತ್ತು ಶುರುವಾಗುವುದೇ ಇಂಥ ಪ್ರಶ್ನೆಯಿಂದ. ಹಾಲು ಬತ್ತಿದ, ಹುಲ್ಲು ನೀರಿನ ಕಾಲ ಮುಗಿದ ಮುದಿ ಹಸುಗಳನ್ನು ತಂದೆ ದಾನ ಕೊಡುವುದನ್ನು ಕಂಡು ಹುಡುಗ ನಚಿಕೇತನಿಗೆ ಕಳವಳವಾಯಿತು. ತಮಗೆ ಬೇಡವಾದದ್ದನ್ನು ದಾಟಿಸಿ ಪುಣ್ಯ ಸಂಪಾದಿಸಲು ಆಗುವುದಿಲ್ಲ ಎಂದು ಆ ಮಗು ಕಂಡುಕೊಂಡಿತು. ಅಪ್ಪನ ಹೊಲ ಉತ್ತ ಎತ್ತನ್ನು ಯಾರ ಕೈಗೋ ಮಾರಿ, ಆ ಹಣದಲ್ಲಿ ಅಪ್ಪನ ಹೆಸರಿಗೆ ಗೋದಾನ ಕೊಟ್ಟರೆ ನಿಮ್ಮ ಮನಸ್ಸು ಒಪ್ಪುತ್ತದೆಯೇ? ಒಪ್ಪಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಅವ್ವ ಸುಮ್ಮನಿರುವುದೂ ಒಂದು ಉತ್ತರವೇ.

ಆದರೆ ತಮ್ಮನ ಮೇಲೆ ತಪ್ಪು ಹೊರಿಸಬೇಡಿ. ಶಾಸ್ತ್ರ ಕೇಳುವವರು ಪಟ್ಟಣದಲ್ಲಿ, ಸಗಣಿ ಬಾಚುವವರು ಊರಲ್ಲಿ. ದುಡಿಯದ ಎತ್ತಿಗೆ ದಿನಾ ಮೇವು ಹಾಕುವ ಕಷ್ಟ ಅವರದು. ಗೋದಾನಕ್ಕೆಂದು ನೀವು ಸೇರಿಸಬೇಕೆಂದಿದ್ದ ಹಣವನ್ನು ತಿಂಗಳು ತಿಂಗಳು ಮೇವಿನ ಖರ್ಚಿಗೆ ತಮ್ಮನಿಗೆ ಕಳಿಸಿ. ರಜೆಗೆ ಹೋದಾಗ ಎರಡು ದಿನ ನೀವೇ ಕೊಟ್ಟಿಗೆ ಗುಡಿಸಿ, ಮಕ್ಕಳ ಕೈಯಲ್ಲಿ ನೀರು ಕುಡಿಸಿ. ವರ್ಷದ ತಿಥಿಯ ದಿನ ಪುರೋಹಿತರನ್ನು ಕೇಳಿ ಶಕ್ತಿಯಿದ್ದಷ್ಟು ದಾನ ಕೊಡಿ, ಅದಕ್ಕೆ ಅಡ್ಡಿಯಿಲ್ಲ. ನಿಮ್ಮೂರ ಮೇಲಿರುವ ಬಿಳಿಗಿರಿರಂಗನನ್ನು ಬೆಟ್ಟದ ಸೋಲಿಗರು ಭಾವ ಎನ್ನುತ್ತಾರೆ. ದೇವರನ್ನೇ ನೆಂಟನೆಂದು ಕರೆಯುವ ನಾಡು ನಿಮ್ಮದು. ಅಂಥ ಕಡೆ ಮನೆಯ ಎತ್ತು ಹೊರಗಿನದಾಗುವುದು ಹೇಗೆ?

ಕೊಟ್ಟಿಗೆಯಿಲ್ಲದ ಉಳಿದ ಓದುಗರಿಗೂ ಒಂದು ಮಾತು. ಗೃಹಪ್ರವೇಶಕ್ಕೆ ಹಸುವನ್ನು ಮೆಟ್ಟಿಲು ಹತ್ತಿಸಿ ನುಣುಪು ಟೈಲ್ಸ್ ಮೇಲೆ ನಡೆಸಬೇಡಿ, ಜಾರಿ ಕಾಲು ಮುರಿದೀತು. ಕೆಳಗೇ ಪೂಜಿಸಿ. ಗೋಗ್ರಾಸವೆಂದರೆ ಒಂದು ತುತ್ತು, ಬಕೆಟ್ ಅಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಎಸೆದದ್ದಂತೂ ಗೋಗ್ರಾಸವೇ ಅಲ್ಲ. ಏಕಾದಶಿಯಂದು ಉಪವಾಸ ನಿಮಗೆ, ಮನೆಯ ನಾಯಿಗಲ್ಲ. ಬೆಕ್ಕು, ಗಿಳಿ, ಮೀನಿಗೂ ಇದೇ ಮಾತು.

ಮೊದಲು ಎತ್ತಿಗೆ ಡಾಕ್ಟರನ್ನು ಕರೆಸಿ. ಹಬ್ಬದ ಮಾತು ಆಮೇಲೆ. ತಂದೆಯವರಿಗೆ ಸದ್ಗತಿಯಾಗಲಿ, ನಿಮಗೆ ಒಳ್ಳೆಯದಾಗಲಿ.