ಗುಟ್ಟಿನ ಕಾಗದವೂ ನಮ್ಮ ನಾಲಿಗೆಯೂ

ಸರಕಾರದ ಮರೆಯಲ್ಲಿರತಕ್ಕ ಕಾಗದವೊಂದು ಹೊತ್ತಿಗೆ ಮುಂಚೆ ಹೊರಬಿದ್ದರೆ, ಅದನ್ನು ಪ್ರಕಟಿಸುವದು ಸತ್ಯದ ಸೇವೆಯೋ, ಚಾಡಿಯೋ? ಇದು ದೂರದ ರಾಜಧಾನಿಗಳ ಪ್ರಶ್ನೆಯೆಂದು ನೆನಸಬಾರದು. ನಮ್ಮ ಸೀಮೆಯ ಬಾಗಲಿಗೂ ಬಂದದ್ದುಂಟು.

2011ನೆಯ ಜುಲೈ ತಿಂಗಳಲ್ಲಿ, ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯನ್ನು ಕುರಿತು ಬರೆದ ವರದಿಯು, ಸರಕಾರದ ಕೈಸೇರುವದಕ್ಕೆ ಮುಂಚೆಯೇ ವರ್ತಮಾನಪತ್ರಿಕೆಗಳಿಗೂ ಟೀವಿಗೂ ಸೋರಿತು. ರಾಜ್ಯಕ್ಕೆ 16,085 ಕೋಟಿ ರೂಪಾಯಿ ನಷ್ಟವೆಂದು ಅದರ ಲೆಕ್ಕ. ವರದಿಯನ್ನು ಒಪ್ಪಿಸಿದ್ದು 27ರಂದು. 31ರಂದು ಮುಖ್ಯಮಂತ್ರಿ ಯಡಿಯೂರಪ್ಪನವರು ರಾಜೀನಾಮೆ ಕೊಟ್ಟರು. ಅವರು ಕೃಷ್ಣರಾಜಪೇಟೆ ತಾಲೂಕಿನ ಬೂಕನಕೆರೆಯಲ್ಲಿ ಹುಟ್ಟಿದವರು. ಆದದರಿಂದ ಶ್ರೀರಂಗಪಟ್ಟಣದಿಂದ ನಾಗಮಂಗಲದ ತನಕ ನಮ್ಮಲ್ಲಿ ಕೆಲವರು, ನಮ್ಮ ಸೀಮೆಯವರೆಂದು ಅವರನ್ನು ನಿರ್ದೋಷಿಯೆಂದರು. ಕೆಲವರು, ಕಾಗದದಲ್ಲಿ ಬಂದಿದೆಯೆಂದು ಅಪರಾಧಿಯೆಂದರು. ವರದಿಯ ಒಂದು ಹಾಳೆಯನ್ನಾದರೂ ಓದಿದವರು ಎಷ್ಟು ಮಂದಿ?

ಗುಡ್ಡಗಳು ಬರಿದಾದದ್ದು ಸುಳ್ಳಲ್ಲ. ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟು ಅದೇ ಜುಲೈ 29ರಂದು ನಿಲ್ಲಿಸಿತು. ಆದರೆ ಆ ವರದಿಯ ಮೇಲೆ ಯಡಿಯೂರಪ್ಪನವರ ವಿರುದ್ಧ ದಾಖಲಾದ ಮೊಕದ್ದಮೆಯನ್ನು ಹೈಕೋರ್ಟು 2012ರ ಮಾರ್ಚಿನಲ್ಲಿ ರದ್ದುಮಾಡಿತು. ಗಣಿ ಸಂಬಂಧದ ಇನ್ನೊಂದು ಮೊಕದ್ದಮೆಯಲ್ಲಿ ಸಿ.ಬಿ.ಐ. ವಿಶೇಷ ನ್ಯಾಯಾಲಯವು 2016ರಲ್ಲಿ ಅವರನ್ನು ಖುಲಾಸೆಮಾಡಿತು.

ಹಾಗಾದರೆ ಪತ್ರಿಕೆಗಳು ಸುಮ್ಮನಿರತಕ್ಕದ್ದೋ? ಅಲ್ಲ. ಗುಡ್ಡವೂ ಅದಿರೂ ಪ್ರಜೆಗಳ ಸೊತ್ತು; ತಮ್ಮ ಸೊತ್ತಿನ ಲೆಕ್ಕವನ್ನು ಕೇಳುವದು ಪ್ರಜೆಗಳ ಹಕ್ಕು. ಕಳ್ಳತನವನ್ನು ಮುಚ್ಚುವ ಗುಟ್ಟಿಗೆ ನಾವು ಋಣಿಗಳಲ್ಲ. ಆದರೆ ಸೋರಿದ ಕಾಗದವನ್ನು ಹಿಡಿದವನು, ಇದು ಪೂರ್ಣವೋ ತುಂಡೋ, ಹೆಸರು ಬಂದವನ ಉತ್ತರವೇನು ಎಂದು ವಿಚಾರಿಸದೆ ಪ್ರಕಟಿಸಿದರೆ, ಬೆಳಕನ್ನಲ್ಲ, ಕಿಚ್ಚನ್ನೇ ಹಚ್ಚುವನು. ಮನುಷ್ಯನ ಮಾತನ್ನು ಮೊದಲು ಕೇಳದೆ ನ್ಯಾಯಪ್ರಮಾಣವು ತೀರ್ಪುಕೊಡುವದೋ ಎಂದು ನಿಕೊದೇಮನು ಅಧಿಕಾರಿಗಳ ನಡುವೆ ಒಬ್ಬನೇ ಕೇಳಿದನು. ಅವನು ಅಪರಾಧಕ್ಕೆ ಮರೆ ಬೇಡಲಿಲ್ಲ; ವಿಚಾರಣೆಯನ್ನು ಬೇಡಿದನು.

ಇದನ್ನು ಬರೆಯುವ ನಾವು ನಿಷ್ಕಳಂಕರಲ್ಲ. ಒಮ್ಮೆ ಸಭೆಯ ವಿಚಾರಣೆಯೊಂದು ಮುಗಿಯುವ ಮುನ್ನ, ನಮಗೆ ತಿಳಿದದ್ದನ್ನು ಒಂದೇ ಮನೆಯಲ್ಲಿ ಹೇಳಿದೆವು. ಸಾಯಂಕಾಲದೊಳಗೆ ಅದು ಊರೆಲ್ಲಾ ಹರಡಿತು. ಆ ಸಹೋದರನು ತಪ್ಪಿಲ್ಲದವನೆಂದು ಎಂಟು ದಿವಸಗಳಲ್ಲಿ ತೀರ್ಮಾನವಾಯಿತು. ನಾವು ಹೋಗಿ ಕ್ಷಮೆ ಬೇಡಿದೆವು, ಅವನು ಕ್ಷಮಿಸಿದನು. ಆದರೆ ಅವನ ಹೆಂಡತಿಯು ಬಹುಕಾಲ ಆರಾಧನೆಗೆ ಬರಲಿಲ್ಲ. ನಾವು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಅರ್ಧವಿತ್ತು.

ಆದದರಿಂದ ಪ್ರಿಯರೇ, ಬಡವರ ಪಾಲನ್ನು ನುಂಗುವ ಗುಟ್ಟನ್ನು ಕಂಡರೆ ಅಂಜದೆ ಬಾಯಿಬಿಡಿರಿ. ನಿಮ್ಮ ಹೆಸರಿಟ್ಟು, ಕೇಳತಕ್ಕವರ ಮುಂದೆ ಹೇಳಿರಿ. ಒಬ್ಬನ ಮೇಲಣ ಮಾತು ಸೋರಿ ಬಂದರೆ, ಅವನ ಉತ್ತರ ಬರುವ ತನಕ ತೀರ್ಪನ್ನು ತಡೆಯಿರಿ. ಬಾಯಿಬಿಡುವದಕ್ಕೆ ಧೈರ್ಯವು ಬೇಕು. ಕಾಯುವದಕ್ಕೆ ಪ್ರೀತಿಯು ಬೇಕು. ಕರ್ತನು ನಮಗೆ ಇವೆರಡನ್ನೂ ದಯಪಾಲಿಸಲಿ.