ಅಕ್ಕನ ಹೆಸರಿನಲ್ಲಿ

ಫುಟ್‌ಬಾಲ್ ಹುಚ್ಚಿನವರ ನಡುವೆ ಹತ್ತು ನಿಮಿಷ ಕೂತರೆ ಒಂದು ವಿಷಯ ತಿಳಿಯುತ್ತದೆ. ಅವರು ಆಟದ ಬಗ್ಗೆ ಮಾತಾಡುವುದಕ್ಕಿಂತ ಆಟಗಾರರ ನಡತೆಯ ಬಗ್ಗೆ ಜಗಳ ಕಾಯುವುದೇ ಹೆಚ್ಚು. ಹೆಂಗಸರು ಜಗಲಿಯಲ್ಲಿ ಕೂತು ಪಕ್ಕದ ಮನೆಯ ವಿಚಾರ ಎತ್ತಿದರೆ ಅದು ಹರಟೆ. ಗಂಡಸರು ದೂರದ ದೇಶದವನ ವಿಚಾರ ಎತ್ತಿದರೆ ಅದು ಕ್ರೀಡೆ! ಇರಲಿ. ಅಂಥ ಜಗಳಗಳಲ್ಲಿ ಫ್ರಾನ್ಸಿನ ಜಿನೆದಿನ್ ಜಿದಾನ್ ಕುರಿತದ್ದು ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ.

ಆಟ ತಿಳಿಯದವರಿಗಾಗಿ ಕಥೆ ಇಷ್ಟು. ಜಿದಾನ್ ಹುಟ್ಟಿದ್ದು 1972ರಲ್ಲಿ, ಮಾರ್ಸೇ ನಗರದಲ್ಲಿ. ತಂದೆ ತಾಯಿ ಅಲ್ಜೀರಿಯಾ ಮೂಲದವರು. 1998ರ ವಿಶ್ವಕಪ್ ಫೈನಲ್‌ನಲ್ಲಿ ಬ್ರೆಜಿಲ್ ವಿರುದ್ಧ ತಲೆಯಿಂದಲೇ ಎರಡು ಗೋಲು ಹೊಡೆದು ಫ್ರಾನ್ಸಿಗೆ ಮೊದಲ ಕಪ್ ತಂದುಕೊಟ್ಟವನು. 2006ರ ಜುಲೈ 9ರಂದು ಬರ್ಲಿನ್‌ನಲ್ಲಿ ಮತ್ತೊಂದು ಫೈನಲ್. ಆ ವಿಶ್ವಕಪ್ ಮುಗಿದ ಮೇಲೆ ನಿವೃತ್ತನಾಗುತ್ತೇನೆಂದು ಅವನು ಮೊದಲೇ ಹೇಳಿದ್ದ. ಇಟಲಿಯೊಂದಿಗೆ 1–1 ಸಮವಾಗಿತ್ತು. 110ನೆಯ ನಿಮಿಷ. ಇಟಲಿಯ ಮಾರ್ಕೊ ಮಾತೆರಾಜಿ ಏನೋ ಅಂದ. ಮುಂದೆ ನಡೆದಿದ್ದ ಜಿದಾನ್ ತಿರುಗಿ ಬಂದು ಅವನ ಎದೆಗೆ ತಲೆಯಿಂದ ಗುದ್ದಿ ಕೆಡವಿದ. ರೆಫರಿ ಕೆಂಪು ಕಾರ್ಡು ತೋರಿಸಿದರು. ಮೇಜಿನ ಮೇಲಿಟ್ಟಿದ್ದ ಕಪ್ಪಿನ ಪಕ್ಕದಲ್ಲೇ ತಲೆ ತಗ್ಗಿಸಿ ಒಳಗೆ ಹೋದ. ಪೆನಾಲ್ಟಿಯಲ್ಲಿ ಇಟಲಿ 5–3ರಿಂದ ಗೆದ್ದಿತು. ಜಿದಾನ್‌ನ ಅಕ್ಕನ ಬಗ್ಗೆ ಕೆಟ್ಟ ಮಾತು ಆಡಿದ್ದು ನಿಜವೆಂದು ಮಾತೆರಾಜಿ ಆಮೇಲೆ ಒಪ್ಪಿಕೊಂಡ.

ಕಥೆ ಅಲ್ಲಿಗೇ ನಿಂತಿದ್ದರೆ ಚರ್ಚೆಯೂ ಆರುತ್ತಿತ್ತೇನೋ. ಆದರೆ 2016ರ ಜನವರಿಯಲ್ಲಿ ಅದೇ ಮನುಷ್ಯ ಸ್ಪೇನಿನ ರಿಯಲ್ ಮ್ಯಾಡ್ರಿಡ್ ತಂಡದ ತರಬೇತುದಾರನಾದ. 2016, 2017, 2018, ಮೂರು ವರ್ಷ ಸಾಲಾಗಿ ಯುರೋಪಿನ ಚಾಂಪಿಯನ್ಸ್ ಲೀಗ್ ಗೆಲ್ಲಿಸಿದ. ಹಾಗೆ ಸಾಲಾಗಿ ಮೂರು ಗೆದ್ದ ತರಬೇತುದಾರ ಅವನಿಗಿಂತ ಮೊದಲು ಯಾರೂ ಇರಲಿಲ್ಲ.

ನನ್ನ ಅಣ್ಣನ ಮಗ ಜಿದಾನ್‌ನ ಭಕ್ತ. ಅವನ ಮೊದಲ ವಾದ, “ಅತ್ತೆ, ಅಕ್ಕನಿಗೆ ಹಾಗಂದರೆ ಯಾವ ತಮ್ಮ ಸುಮ್ಮನಿರ್ತಾನೆ? ನಿಮಗೆ ಯಾರಾದರೂ ಅಂದಿದ್ದರೆ ನಾನೂ ಬಿಡ್ತಿರಲಿಲ್ಲ.” ಕೇಳಲು ಹಿತವಾದ ಮಾತು. ಆದರೆ ಹಿತವಾದದ್ದೆಲ್ಲ ಸರಿಯಾಗಿರಬೇಕಲ್ಲ! ಆ ಅಕ್ಕನನ್ನು ಯಾರಾದರೂ ಕೇಳಿದ್ದರೇ? ಕೀಚಕನ ಪ್ರಸಂಗದಲ್ಲಿ ದ್ರೌಪದಿ ತಾನೇ ರಾತ್ರಿ ಅಡುಗೆಮನೆಗೆ ಹೋಗಿ ಭೀಮನನ್ನು ಎಬ್ಬಿಸಿದಳು. ಅವಳಿಗೆ ಬಂದಿದ್ದ ಆಪತ್ತು ಬರೀ ಮಾತಿನದಾಗಿರಲಿಲ್ಲ. ಇಲ್ಲಿ ಹಾಗಲ್ಲ. ಬೈದವನೂ ಗಂಡಸು, ಗುದ್ದಿದವನೂ ಗಂಡಸು. ಹೆಣ್ಣೊಬ್ಬಳ ಹೆಸರು ಇಬ್ಬರ ನಡುವೆ ಚೆಂಡಿನ ಹಾಗೆ ಉರುಳಿತು. ದಾರಿಹೋಕನೊಬ್ಬ ಆಡಿದ ಮಾತಿಗೆ ಹೋಗಿಬಿಡುವಷ್ಟು ತೆಳುವೇ ನಮ್ಮ ಮಾನ?

ಎರಡನೆಯ ವಾದ ಅವನ ಗೆಳೆಯನದು. “ಈಗ ಅದೆಲ್ಲ ಯಾಕೆ ಆಂಟೀ? ಮೂರು ಕಪ್ ಗೆಲ್ಲಿಸಿಲ್ಲವೇ?” ನಿಜ, ಗೆಲ್ಲಿಸಿದ. ಆ ಕೆಲಸಕ್ಕೆ ಅವನು ಯೋಗ್ಯನೇ ಎಂಬ ಪ್ರಶ್ನೆಗೆ ಆ ಕಪ್‌ಗಳೇ ಉತ್ತರ. ಒಂದು ದಿನದ ತಪ್ಪಿಗಾಗಿ ಒಬ್ಬನ ಜೀವಮಾನದ ದುಡಿಮೆಯನ್ನು ಕಿತ್ತುಕೊಳ್ಳಬೇಕೆಂದು ನಾನೂ ಹೇಳಲಾರೆ. ಆದರೆ ಆ ದಿನ ಮಾಡಿದ್ದು ಸರಿಯೇ ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಕಪ್ಪು ಉತ್ತರ ಹೇಳಲಾರದು. ಹತ್ತು ಮನೆಗೆ ಉಪಕಾರ ಮಾಡಿದವನು ತನ್ನ ಮನೆಯಲ್ಲಿ ಮಾಡಿದ ಅಪಕಾರ ಆ ಲೆಕ್ಕದಲ್ಲಿ ವಜಾ ಆಗುತ್ತದೆಯೇ?

ನನ್ನನ್ನು ಹೆಚ್ಚು ಕಾಡುವುದು ಜಿದಾನ್ ಸ್ವತಃ ಕೊಟ್ಟ ಕಾರಣ. ಪಂದ್ಯವಾದ ಮೂರನೆಯ ದಿನ ಟಿ.ವಿ.ಯಲ್ಲಿ, ನೋಡಿದ ಮಕ್ಕಳ ಕ್ಷಮೆ ಕೇಳಿದ. ಆದರೆ ಪಶ್ಚಾತ್ತಾಪ ಪಡಲಾರೆ, ಪಟ್ಟರೆ ಅವನು ಆಡಿದ ಮಾತು ಸರಿಯೆಂದು ಒಪ್ಪಿದಂತಾಗುತ್ತದೆ ಎಂದ. ಇದು ಎಷ್ಟು ಪರಿಚಿತವಾದ ತರ್ಕ! ಅತ್ತೆ ಸೊಸೆಯರ ಜಗಳ ವರ್ಷಗಟ್ಟಲೆ ಬೆಳೆಯುವುದು ಇದರಿಂದಲೇ. ಅದಕ್ಕಿಂತ ದೊಡ್ಡ ಭಯ ಇನ್ನೊಂದಿದೆ. “ಅವಳು ಆಡಿದ ಮಾತೇ ಹಾಗಿತ್ತು, ಅದಕ್ಕೇ ಕೈ ಎತ್ತಿದೆ” ಎಂಬ ಗಂಡಂದಿರನ್ನು ನಾವು ಕಂಡಿಲ್ಲವೇ? ಊದಿದ ಕೆನ್ನೆಗೆ ಸೆರಗು ಮರೆಮಾಡಿಕೊಂಡು “ನಂದೂ ತಪ್ಪಿತ್ತು, ನಾನೂ ಒಂದು ಮಾತು ಅಂದಿದ್ದೆ” ಎನ್ನುವ ಹೆಂಗಸರನ್ನು? ಮಾತಿಗೆ ಹೊಡೆತ ಸರಿಯಾದ ಉತ್ತರವೆಂದು ಮೈದಾನದಲ್ಲಿ ಒಪ್ಪಿಕೊಂಡರೆ, ಮನೆಯೊಳಗೆ ಅದನ್ನು ತಡೆಯುವುದು ಹೇಗೆ? ಅಕ್ಕನಿಗಾಗಿ ಎತ್ತಿದ ಕೈಗೆ ಇವತ್ತು ಚಪ್ಪಾಳೆ ತಟ್ಟಿದ ಹುಡುಗ, ನಾಳೆ ಹೆಂಡತಿಯ ಮೇಲೆ ಎತ್ತಿದ ಕೈಗೂ ಅದೇ ಕಾರಣ ಹುಡುಕಿಯಾನು.

ಹಾಗೆಂದು ಬೈಗುಳವನ್ನು ನುಂಗಿಕೊಳ್ಳಬೇಕೆಂದು ನಾನು ಉಪದೇಶ ಮಾಡುತ್ತಿಲ್ಲ. ನುಂಗಿ ನುಂಗಿ ಸಾಕಾದವರು ನಾವು. ಮಾತೂ ಗಾಯ ಮಾಡುತ್ತದೆ. ಫೀಫಾ ಸಂಸ್ಥೆ ಜಿದಾನ್‌ಗೆ ಮೂರು ಪಂದ್ಯಗಳ ನಿಷೇಧ ವಿಧಿಸಿದಾಗ ಮಾತೆರಾಜಿಗೂ ಎರಡು ಪಂದ್ಯಗಳ ನಿಷೇಧ ವಿಧಿಸಿತು. ಅಭಿಮಾನಿಗಳ ಜಗಳಕ್ಕಿಂತ ಆ ತೀರ್ಪಿನಲ್ಲಿ ಹೆಚ್ಚು ವಿವೇಕವಿದೆ ಎಂದು ನನಗನ್ನಿಸುತ್ತದೆ. ಒಬ್ಬನ ತಪ್ಪು ಇನ್ನೊಬ್ಬನದನ್ನು ಅಳಿಸಲಿಲ್ಲ. ಎರಡೂ ತಪ್ಪು, ತೂಕ ಬೇರೆ, ಅಷ್ಟೆ.

ತರಬೇತುದಾರನ ಕೆಲಸವೂ ಒಂದು ವಿಚಿತ್ರ. ಅವನು ಗೆರೆಯ ಆಚೆಯೇ ನಿಲ್ಲಬೇಕು. ಒಳಗೆ ಏನೇ ನಡೆದರೂ ನುಗ್ಗುವಂತಿಲ್ಲ. ಅವನ ಕೈಲಿರುವುದು ಮಾತು ಮಾತ್ರ. ಮಾತನ್ನು ಸಹಿಸಲಾಗದೆ ಮೈದಾನ ಬಿಟ್ಟವನು ಹತ್ತು ವರ್ಷಗಳ ಮೇಲೆ ಮಾತಿನಿಂದಲೇ ಹುಡುಗರನ್ನು ನಡೆಸಿದ. ಮನುಷ್ಯ ಬದಲಾಗಬಲ್ಲ ಎಂಬುದಕ್ಕೆ ಆ ಮೂರು ಕಪ್‌ಗಳಿಗಿಂತ ಇದೇ ದೊಡ್ಡ ಸಾಕ್ಷಿ. 2022ರಲ್ಲಿ, ಐವತ್ತು ತುಂಬುವ ಹೊತ್ತಿಗೆ, ಅಂದು ಮಾಡಿದ್ದರ ಬಗ್ಗೆ ಹೆಮ್ಮೆಯಿಲ್ಲ ಎಂದೂ ಹೇಳಿದ. ಅರ್ಧ ದಾರಿ ಬಂದಂತಾಯಿತು.

ಉಳಿದ ಅರ್ಧ ದಾರಿ ಬಹಳ ದೂರವೇನಲ್ಲ. “ಅವನು ಅಂದದ್ದು ತಪ್ಪು, ನಾನು ಹೊಡೆದದ್ದೂ ತಪ್ಪು.” ಇಷ್ಟು ಹೇಳಿದರೆ ಎದುರಾಳಿ ಗೆದ್ದಂತಲ್ಲ, ಅಕ್ಕನ ಮಾನ ಹೋದಂತೆಯೂ ಅಲ್ಲ. ನಮ್ಮ ಮನೆಯ ಗಂಡುಮಕ್ಕಳು ಜಿದಾನ್‌ನ ಆಟ ಕಲಿಯದಿದ್ದರೂ ಚಿಂತೆಯಿಲ್ಲ. ಈ ಒಂದು ವಾಕ್ಯವನ್ನು ಪೂರ್ತಿಯಾಗಿ ಹೇಳಲು ಕಲಿತರೆ ಸಾಕು.